ಕೇರಿ ಯಾಕೆ ಊರ ಹೊರಗೆ? ಊಹೆಯ ಹಕ್ಕು, ಊಹೆಯ ಹೊಣೆ

ನಮ್ಮ ಕೇರಿ ಯಾಕೆ ಊರ ಹೊರಗಿದೆ? ಈ ಪ್ರಶ್ನೆಯನ್ನು ನಾನು ಮೊದಲು ಕೇಳಿದ್ದು ಯಾವ ಪ್ರೊಫೆಸರನ್ನೂ ಅಲ್ಲ, ನಮ್ಮಜ್ಜಿಯನ್ನ. ಅವಳು ಒಲೆ ಮುಂದೆ ಕೂತು ಹಿಟ್ಟು ತೊಳಸುತ್ತಾ ಹೇಳಿದ್ದು ಇಷ್ಟು: ಒಂದು ಕಾಲದಲ್ಲಿ ಒಂದೇ ತಾಯಿ ಹೊಟ್ಟೇಲಿ ಹುಟ್ಟಿದ ಅಣ್ಣ ತಮ್ಮ ಇದ್ದರು. ಕೊಟ್ಟಿಗೇಲಿ ಹಸು ಸತ್ತಿತು. 'ನೀನು ಎಳೆದು ಹಾಕಿ ಬಾರಪ್ಪಾ, ಆಮೇಲೆ ಇಬ್ಬರೂ ಉಣ್ಣಾನ' ಅಂದ ಅಣ್ಣ. ತಮ್ಮ ಎಳೆದು ಹಾಕಿ, ಕೈಕಾಲು ತೊಳಕೊಂಡು ಬರೋ ಹೊತ್ತಿಗೆ ಅಣ್ಣ ಬಾಗಿಲು ಹಾಕ್ಕೊಂಡಿದ್ದ. ಹೆಣ ಮುಟ್ಟಿದೋನು ಒಳಕ್ಕೆ ಬರಕೂಡದು ಅಂದ. ತಮ್ಮ ಊರಾಚೆ ಗುಡಿಸಲು ಹಾಕ್ಕೊಂಡ. ಅಷ್ಟೇ ಕಥೆ. ಇಂಥ ಅಣ್ಣತಮ್ಮಂದಿರ ಕಥೆ ಇಂಡಿಯಾದ ಬೇರೆ ಬೇರೆ ಕಡೆಯ ಕೇರಿಗಳಲ್ಲೂ ಇದೆ ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷ ಆದ ಮೇಲೆ.

ಇದೇ ಪ್ರಶ್ನೆಗೆ ಗುಡಿಯ ಪೂಜಾರಿಯ ಉತ್ತರ: ಹೋದ ಜನ್ಮದ ಕರ್ಮ. ಕಾಲೇಜಿನಲ್ಲಿ ಸಿಕ್ಕ ಉತ್ತರ: ಆರ್ಯರು ಬಂದರು, ಗೆದ್ದರು, ಸೋತ ಬೇರೆ ಜನಾಂಗದವರನ್ನು ಊರ ಹೊರಗಿಟ್ಟರು. ನಾನು ಎದ್ದು ನಿಂತು ಅಜ್ಜಿಯ ಕಥೆ ಹೇಳಿದೆ. 'ಅದಕ್ಕೆ ಪುರಾವೆ ಏನಯ್ಯಾ?' ಅಂದರು ಅಧ್ಯಾಪಕರು. ಕ್ಲಾಸು ನಕ್ಕಿತು. ಪುರಾವೆ ಕೇಳಿದ್ದು ತಪ್ಪಲ್ಲ. ಅವರು ಹೇಳಿದ್ದಕ್ಕೂ ನಾನು ಪುರಾವೆ ಕೇಳಬಹುದಿತ್ತು. ಅದು ಆಗ ಹೊಳೆಯಲಿಲ್ಲ. ಅಜ್ಜಿಯದು ಕಥೆ, ಪುಸ್ತಕದ್ದು ಇತಿಹಾಸ ಅಂತ ನಾನೂ ನಂಬಿ ಕೂತೆ.

ನಿಜ ಹೇಳಬೇಕಂದರೆ ಮೂರೂ ಊಹೆಗಳೇ. ಊಹೆ ಅನ್ನೋದನ್ನ ಬೈಗುಳದ ಹಾಗೆ ಬಳಸುವ ಅಭ್ಯಾಸ ನಮ್ಮಲ್ಲಿದೆ. ವಿಜ್ಞಾನ ಅಂದರೆ ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕದ್ದು, ಉಳಿದದ್ದೆಲ್ಲ ಪುರಾಣ ಅಂತ ನಮ್ಮ ವಿಚಾರವಾದಿ ಗೆಳೆಯರೇ ಭಾಷಣ ಮಾಡುತ್ತಾರೆ. ಹಳ್ಳಿ ಮೇಷ್ಟರುಗಳು ಪಾಠದಲ್ಲಿ ಹಾಗೇ ಬರೆಸುತ್ತಾರೆ: ಮೊದಲು ವೀಕ್ಷಣೆ, ಆಮೇಲೆ ಪ್ರಯೋಗ, ಆಮೇಲೆ ತೀರ್ಮಾನ. ಇದು ಅರ್ಧ ಸತ್ಯ. ಏನನ್ನು ಹುಡುಕಬೇಕು ಅಂತ ಮೊದಲೇ ಒಂದು ಗುಮಾನಿ ಇಲ್ಲದವನು ವೀಕ್ಷಣೆ ಮಾಡೋದಾದರೂ ಏನನ್ನ?

ಆಕಾಶದ ಒಂದು ಉದಾಹರಣೆ ತಗೊಳ್ಳೋಣ. ಯುರೇನಸ್ ಗ್ರಹ ಲೆಕ್ಕ ಹಾಕಿದ ದಾರಿಯಲ್ಲಿ ಹೋಗುತ್ತಿರಲಿಲ್ಲ. ಫ್ರಾನ್ಸಿನ ಲೆವೆರಿಯೆ ಎಂಬಾತ, ಕಾಣದ ಇನ್ನೊಂದು ಗ್ರಹ ಅದನ್ನು ಎಳೆಯುತ್ತಿರಬೇಕು ಅಂತ ಊಹಿಸಿ, ಅದು ಎಲ್ಲಿರಬೇಕು ಅನ್ನೋದನ್ನು ಕಾಗದದ ಮೇಲೆ ಲೆಕ್ಕ ಹಾಕಿ, ಬರ್ಲಿನ್ನಿಗೆ ಕಾಗದ ಬರೆದ. 1846ರ ಸೆಪ್ಟೆಂಬರ್ 23ರ ರಾತ್ರಿ ಅಲ್ಲಿಯ ಗಾಲೆ ದುರ್ಬೀನು ತಿರುಗಿಸಿದ. ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೆ ಗ್ರಹ ಸಿಕ್ಕಿತು. ಅದೇ ನೆಪ್ಚೂನ್. ಇಲ್ಲಿಗೆ ಕಥೆ ನಿಲ್ಲಿಸಿ ಚಪ್ಪಾಳೆ ತಟ್ಟುವವರೇ ಜಾಸ್ತಿ. ಮುಂದೆ ಕೇಳಿ. ಬುಧ ಗ್ರಹದ ಓಟದಲ್ಲೂ ಸಣ್ಣ ವ್ಯತ್ಯಾಸ ಇತ್ತು. 1859ರಲ್ಲಿ ಅದೇ ಲೆವೆರಿಯೆ ಅದೇ ಉಪಾಯ ಹೂಡಿದ: ಸೂರ್ಯನ ಹತ್ತಿರ ಕಾಣದ ಏನೋ ಒಂದು ಇರಬೇಕು. ಒಬ್ಬ ಹಳ್ಳಿ ಡಾಕ್ಟರು ಕಂಡೆ ಅಂದ. ಹುಟ್ಟುವ ಮೊದಲೇ ವಲ್ಕನ್ ಅಂತ ಹೆಸರಿಟ್ಟರು. ಆಮೇಲೂ ಒಬ್ಬಿಬ್ಬರು ಕಂಡೆವು ಅಂದರು. ಗ್ರಹ ಮಾತ್ರ ಇರಲೇ ಇಲ್ಲ. 1877ರಲ್ಲಿ ಲೆವೆರಿಯೆ ಅದನ್ನು ನಂಬಿಕೊಂಡೇ ಸತ್ತ. 1915ರಲ್ಲಿ ಐನ್‌ಸ್ಟೈನ್ ಗುರುತ್ವಾಕರ್ಷಣೆಯ ಲೆಕ್ಕವನ್ನೇ ಬದಲಾಯಿಸಿದಾಗ ಬುಧನ ತಕರಾರು ಯಾವ ಗ್ರಹದ ಸಹಾಯವೂ ಇಲ್ಲದೆ ಬಗೆಹರಿಯಿತು.

ಒಬ್ಬನೇ ಮನುಷ್ಯ, ಒಂದೇ ಬುದ್ಧಿ, ಒಂದೇ ಗಣಿತ. ಒಂದು ಸಲ ಗೆದ್ದ, ಒಂದು ಸಲ ಸೋತ. ಊಹೆ ಮಾಡುವಾಗ ಎರಡಕ್ಕೂ ವ್ಯತ್ಯಾಸವೇ ಇರಲಿಲ್ಲ. ಆದರೆ ಸೋತ ಊಹೆಯಲ್ಲೂ ಒಂದು ಪ್ರಾಮಾಣಿಕತೆ ಇತ್ತು: ಎಲ್ಲಿ ನೋಡಿದರೆ ನಾನು ಸುಳ್ಳು ಅಂತ ಗೊತ್ತಾಗುತ್ತೆ ಅನ್ನೋದನ್ನ ಅದು ತಾನೇ ಹೇಳಿತ್ತು.

ಪೂಜಾರಿಯ ಊಹೆಗೆ ಇದು ಇಲ್ಲ. ಹೋದ ಜನ್ಮ ನೋಡೋದಕ್ಕೆ ದುರ್ಬೀನು ಎಲ್ಲಿದೆ? ಉಪವಾಸ ಬಿದ್ದರೆ ಕರ್ಮ, ಲಾಟರಿ ಹೊಡೆದರೆ ಕರ್ಮ. ಕೇರಿಯ ಹುಡುಗ ತಹಸೀಲ್ದಾರ್ ಆದರೂ ಕರ್ಮ. ಏನಾದರೂ ಸೋಲದ ಊಹೆ ಅದು. ಸೋಲೋದಕ್ಕೆ ಜಾಗವನ್ನೇ ಬಿಡದ ಊಹೆ ಏನನ್ನೂ ತಿಳಿಸೋದಿಲ್ಲ, ತಿಳಿಯೋದನ್ನ ತಡೆಯುತ್ತೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ವೈಸ್ ಚಾನ್ಸಲರ್ ಆಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷೆ ಮಾಡಲು ಸಮಿತಿ ಮಾಡಿ ಸತ್ಯಸಾಯಿಬಾಬಾಗೆ ಪತ್ರ ಬರೆದರಲ್ಲ, ಅವರು ಕೇಳಿದ್ದೂ ಇಷ್ಟನ್ನೇ: ಸೋಲೋದಕ್ಕೆ ಒಂದು ಅವಕಾಶ ಕೊಡಿ ಸ್ವಾಮಿ. ಪರೀಕ್ಷೆಗೆ ಅವರು ಒಪ್ಪಲಿಲ್ಲ.

ಪೂಜಾರಿಯನ್ನು ಬೈಯೋದು ಸುಲಭ. ನಾವು ಸಾಕಷ್ಟು ಬೈದಿದ್ದೇವೆ. ಕಷ್ಟ ಇರೋದು ಕಾಲೇಜಿನ ಉತ್ತರದಲ್ಲಿ. ಯಾಕಂದರೆ ಅದು ವಿಜ್ಞಾನದ ಅಂಗಿ ತೊಟ್ಟು ಬಂದಿತ್ತು.

ಹರ್ಬರ್ಟ್ ರಿಸ್ಲಿ ಅಂತ ಒಬ್ಬ ಬ್ರಿಟಿಷ್ ಅಧಿಕಾರಿ. ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಒಂದು ಅಂಕಿ ಬರುತ್ತದೆ. ಜಾತಿಜಾತಿಯ ಜನರನ್ನು ಹಿಡಿದು ನಿಲ್ಲಿಸಿ ಈ ಅಂಕಿ ತೆಗೆಸಿದ. 1891ರಲ್ಲಿ ಬಂಗಾಳದ ಜಾತಿ ಬುಡಕಟ್ಟುಗಳ ಬಗ್ಗೆ ದಪ್ಪ ಗ್ರಂಥ ಬಂತು. ಮೂಗು ಅಗಲವಾದಷ್ಟೂ ಜಾತಿ ಕೆಳಗೆ, ಕಿರಿದಾದಷ್ಟೂ ಮೇಲೆ ಅಂದ. ಜಾತಿ ಅಂದರೆ ಜನಾಂಗ, ಮೇಲು ಕೀಳು ಅನ್ನೋದು ಎಲುಬಿನಲ್ಲೇ ಇದೆ ಅನ್ನೋದು ಅವನ ಸಿದ್ಧಾಂತ. 1901ರ ಜನಗಣತಿಗೆ ಅವನೇ ಕಮಿಷನರ್. ಜಾತಿಗಳನ್ನು ಮೇಲಿಂದ ಕೆಳಕ್ಕೆ ಸಾಲಾಗಿ ಜೋಡಿಸಲು ಸರಕಾರದ ಯಂತ್ರವನ್ನೇ ಹೂಡಿದ. ಇತ್ತ ಮದ್ರಾಸ್ ಪ್ರಾಂತ್ಯದಲ್ಲಿ ಥರ್ಸ್‌ಟನ್ ಅಳತೆ ಕಡ್ಡಿ ಹಿಡಿದ. 1909ರಲ್ಲಿ ಏಳು ಸಂಪುಟ ತಂದ.

ಅಳತೆ ಮಾಡಿದರೆ ವಿಜ್ಞಾನ ಆಗಿಬಿಡುತ್ತೆ ಅನ್ನೋ ಮೋಸ ಇದು. ಅಂಕಿ ಇತ್ತು, ಕೋಷ್ಟಕ ಇತ್ತು, ದಶಾಂಶ ಕೂಡ ಇತ್ತು. ಅಂಕಿಯ ಕೆಳಗೆ ಇದ್ದದ್ದು ಮಾತ್ರ ಹಳೇ ಊಹೆ. 1923ರಲ್ಲಿ ಥಾಮ್ಸನ್, ಬಕ್ಸ್‌ಟನ್ ಎಂಬಿಬ್ಬರು ಮೂಗಿನ ಆಕಾರಕ್ಕೂ ಹವೆಯ ಬಿಸಿಗೂ ತೇವಕ್ಕೂ ನಂಟಿದೆ ಅಂತ ತೋರಿಸಿದರು. 1932ರಲ್ಲಿ ಘುರ್ಯೆ ಅದೇ ಅಳತೆಗಳನ್ನು ಮತ್ತೆ ತೂಗಿ ನೋಡಿ, ಮೂಗಿನ ಸಾಲೂ ಜಾತಿಯ ಸಾಲೂ ಹೊಂದೋದು ಇಂದಿನ ಉತ್ತರಪ್ರದೇಶದಲ್ಲಿ ಮಾತ್ರ, ಬೇರೆ ಪ್ರಾಂತ್ಯಗಳಲ್ಲಿ ಹೊಂದೋದಿಲ್ಲ ಅಂದರು. ಅಷ್ಟು ಹೊತ್ತಿಗೆ ಊಹೆ ಪಠ್ಯಪುಸ್ತಕಕ್ಕೆ ಸೇರಿಯಾಗಿತ್ತು. ನನ್ನ ಕ್ಲಾಸಿನವರೆಗೂ ಬಂತು.

ಇಲ್ಲಿ ಒಂದು ಪ್ರಶ್ನೆ ಏಳುತ್ತೆ, ಅದು ವಿಜ್ಞಾನದ್ದಲ್ಲ, ನ್ಯಾಯದ್ದು. ಊಹೆ ತಪ್ಪಾದರೆ ಅದರ ಖರ್ಚು ಯಾರ ತಲೆ ಮೇಲೆ? ಲೆವೆರಿಯೆ ತಪ್ಪಿದ್ದಕ್ಕೆ ಕೆಲವು ಜನ ದುರ್ಬೀನು ಹಿಡಿದು ಕಣ್ಣು ನೋಯಿಸಿಕೊಂಡರು, ಅಷ್ಟೆ. ಬಡಗಿಯ ಮಗ ಬಡಗಿಯಾದ ಹಾಗೆ ಕಳ್ಳನ ಮಗ ಕಳ್ಳ, ಇಡೀ ಜಾತಿಗೆ ಜಾತಿಯೇ ಕಳ್ಳರು ಅನ್ನೋ ಊಹೆಯನ್ನು 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಅಂತ ಕಾನೂನು ಮಾಡಿದರಲ್ಲ, ಅದರ ಖರ್ಚು ಕೊಟ್ಟವರು ಯಾರು? ಹುಟ್ಟಿದ ಕೂಸಿಗೂ ಆ ಹೆಸರು ಅಂಟಿತು. ಪೊಲೀಸರ ಮುಂದೆ ಹಾಜರಿ. ಹುಬ್ಬಳ್ಳಿ, ಗದಗ, ಬಿಜಾಪುರಗಳಲ್ಲಿ ಸೆಟ್ಲಮೆಂಟು ಕಟ್ಟಿ ಕೂಡಿಹಾಕಿದರು. ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ, 1952ರಲ್ಲಿ, ಆ ಕಾಯ್ದೆ ಹೋಯಿತು. ಪೊಲೀಸರ ತಲೆಯೊಳಗಿನ ಊಹೆ ಹೋಯಿತೋ ಇಲ್ಲವೋ ಸ್ಟೇಷನ್ನಿಗೆ ಹೋಗಿ ಬಂದವರೇ ಹೇಳಬೇಕು. ಪರೀಕ್ಷೆಗೆ ಕೂರದ ಊಹೆ ಕೈಯಲ್ಲಿ ಲಾಠಿ ಹಿಡಿದರೆ ಹೀಗಾಗುತ್ತೆ.

ಹಾಗಾದರೆ ಊಹೆಯನ್ನೇ ಬಿಟ್ಟುಬಿಡೋಣವೇ? ಪುರಾವೆ ಇದ್ದಷ್ಟು ಮಾತಾಡಿ ಬಾಯಿ ಮುಚ್ಚಿಕೊಳ್ಳೋಣವೇ? ಹಾಗೆ ಮಾಡಿದರೆ ನಷ್ಟ ನಮಗೇ. ಪುರಾವೆ ಅಂದರೆ ಶಾಸನ, ಓಲೆಗರಿ, ತಾಮ್ರಪಟ. ಬರೆದವರು ಯಾರು? ಬರೆಸಿದವರು ಯಾರು? ಅಕ್ಷರ ಕಲಿಯಬಾರದು ಅಂತ ಕಟ್ಟು ಮಾಡಿದವರು, ಸಾವಿರ ವರ್ಷ ಆದ ಮೇಲೆ ಬಂದು 'ನಿಮ್ಮ ದಾಖಲೆ ಎಲ್ಲಿ?' ಅಂತ ಕೇಳುತ್ತಾರೆ. ದಾಖಲೆ ಇಲ್ಲದವನಿಗೆ ಊಹೆ ಬಿಟ್ಟರೆ ಬೇರೆ ದಾರಿ ಇಲ್ಲ.

ಇದನ್ನು ನಮಗಿಂತ ಚೆನ್ನಾಗಿ ತಿಳಿದಿದ್ದವರು ಬಾಬಾಸಾಹೇಬರು. ಅಸ್ಪೃಶ್ಯರು ಯಾರು, ಅವರು ಅಸ್ಪೃಶ್ಯರಾದದ್ದು ಯಾಕೆ ಅನ್ನುವ ಅವರ ಪುಸ್ತಕ 1948ರಲ್ಲಿ ಬಂತು. ಭಾವಚಿತ್ರಕ್ಕೆ ಹಾರ ಹಾಕುವ ನಮ್ಮವರಲ್ಲಿ ಅದರ ಮುನ್ನುಡಿ ಓದಿದವರು ಎಷ್ಟು ಜನ? ಅಸ್ಪೃಶ್ಯತೆಯ ಹುಟ್ಟಿಗೆ ನೇರ ಸಾಕ್ಷಿ ಇಲ್ಲ, ಸರಪಳಿಯ ಕೊಂಡಿಗಳು ಕಳಚಿವೆ ಅಂತ ಅವರೇ ಅಲ್ಲಿ ಒಪ್ಪುತ್ತಾರೆ. ಮಣ್ಣಲ್ಲಿ ಹೂತ ಊರನ್ನು ಮತ್ತೆ ಕಟ್ಟುವಂಥ, ಮುರಿದ ಮೂಳೆ ಹಲ್ಲುಗಳಿಂದ ಅಳಿದ ಪ್ರಾಣಿಯ ಆಕಾರ ತೆಗೆಯುವಂಥ ಕೆಲಸ ಇದು ಅನ್ನುತ್ತಾರೆ. ಕೊಂಡಿ ಕಳಚಿದ ಕಡೆ ಕಲ್ಪನೆಯಿಂದ ಬೆಸೆಯುವ ಹಕ್ಕು ಸಂಶೋಧಕನಿಗೆ ಇದೆ ಅನ್ನುತ್ತಾರೆ. ಅದಕ್ಕೆ ಬೆಂಬಲವಾಗಿ ಮ್ಯಾಕ್ಸಿಂ ಗಾರ್ಕಿಯನ್ನು ಕರೆತರುತ್ತಾರೆ! ಕವಿಗೂ ವಿಜ್ಞಾನಿಗೂ ಕಲ್ಪನೆ ಬೇಕು ಅನ್ನೋದನ್ನ ಕಾನೂನು ಪಂಡಿತರೊಬ್ಬರು ಎತ್ತಿ ಹಿಡಿದದ್ದು ಕಂಡು ಪದ್ಯ ಬರೆಯುವ ನನಗಂತೂ ಖುಷಿಯಾಯಿತು. ಆದರೆ ಅಲ್ಲಿಗೇ ಬಿಡೋದಿಲ್ಲ ಅವರು. ನನ್ನ ಊಹೆ ಸುತ್ತಲಿನ ಸಂಗತಿಗಳಿಗೆಲ್ಲ ಹೊಂದುತ್ತದೆಯೇ, ಅದಿಲ್ಲದಿದ್ದರೆ ಕಾಣದ ಅರ್ಥವನ್ನು ಅವಕ್ಕೆ ಕೊಡುತ್ತದೆಯೇ ನೋಡಿ, ಸದ್ಯಕ್ಕೆ ನಿಲ್ಲುತ್ತದೋ ಹೇಳಿ ಅಂತ ಟೀಕಾಕಾರರ ಕೈಗೆ ತಾವೇ ಒರೆಗಲ್ಲು ಕೊಡುತ್ತಾರೆ.

ಅವರ ಊಹೆ ಹೀಗೆ: ಅಲೆಯುವ ಬುಡಕಟ್ಟುಗಳು ಬೇಸಾಯ ಹಿಡಿದು ನೆಲೆ ನಿಂತಾಗ, ಯುದ್ಧಗಳಲ್ಲಿ ಸೋತು ಚೂರಾದ ಬುಡಕಟ್ಟುಗಳ ಜನ ದಿಕ್ಕಿಲ್ಲದೆ ತಿರುಗುತ್ತಿದ್ದರು. ಅವರನ್ನು ಒಡೆದುಹೋದ ಜನ ಅಂತ ಕರೆಯುತ್ತಾರೆ. ದಲಿತ ಅನ್ನೋ ನಮ್ಮ ಮಾತಿಗೂ ಅದೇ ಅರ್ಥ ಇದೆ. ನೆಲೆ ನಿಂತವರಿಗೆ ಕಾವಲು ಬೇಕಿತ್ತು, ಒಡೆದವರಿಗೆ ಆಸರೆ ಬೇಕಿತ್ತು. ಬೇರೆ ರಕ್ತದವರಾದ್ದರಿಂದ ಊರ ಅಂಚಿನಲ್ಲಿ ನೆಲೆ ಕೊಟ್ಟರು. ಐರ್ಲೆಂಡಿನಲ್ಲೂ ವೇಲ್ಸಿನಲ್ಲೂ ಹೀಗೆ ಊರ ಹೊರಗಿನವರು ಇದ್ದರು, ಅಲ್ಲಿ ಅವರು ಕ್ರಮೇಣ ಕರಗಿಹೋದರು ಅಂತ ಹೋಲಿಕೆ ಕೊಡುತ್ತಾರೆ. ಇಲ್ಲಿ ಯಾಕೆ ಕರಗಲಿಲ್ಲ? ಅವರು ಬೌದ್ಧರಾಗಿದ್ದರು, ಬ್ರಾಹ್ಮಣರು ದನದ ಮಾಂಸ ಬಿಟ್ಟ ಮೇಲೂ ಸತ್ತ ದನದ ಮಾಂಸ ತಿನ್ನೋದನ್ನ ಬಿಡಲಿಲ್ಲ. ಗುಪ್ತರ ಕಾಲದಲ್ಲಿ, ಕ್ರಿ.ಶ. 400ರ ಸುಮಾರಿಗೆ, ಅದೇ ಮುಟ್ಟಬಾರದ ಗೆರೆಯಾಯಿತು.

ರಿಸ್ಲಿಯ ವಾದವನ್ನು ಅವರು ಒಡೆದದ್ದು ಹೇಗೆ ಅನ್ನೋದು ಇನ್ನೂ ಸ್ವಾರಸ್ಯ. ಮೂಗಿನ ಅಂಕಿಗಳನ್ನೇ ಎತ್ತಿಕೊಂಡರು. ಒಂದೇ ಪ್ರಾಂತ್ಯದ ಬ್ರಾಹ್ಮಣನ ಮೂಗನ್ನೂ ಅಸ್ಪೃಶ್ಯನ ಮೂಗನ್ನೂ ಪಕ್ಕಪಕ್ಕ ಇಟ್ಟು, ಇವರು ಬೇರೆ ಬೇರೆ ಜನಾಂಗ ಹೇಗಯ್ಯಾ ಆಗುತ್ತಾರೆ ಅಂತ ಕೇಳಿದರು. ಮೂಗು ಜನಾಂಗದ ಗುರುತೇ ಅಲ್ಲ ಅನ್ನೋದು ಇವತ್ತಿನ ತಿಳುವಳಿಕೆ. ಆ ಲೆಕ್ಕದಲ್ಲಿ ಬಾಬಾಸಾಹೇಬರು ಹಿಡಿದ ಅಸ್ತ್ರವೂ ಮೊಂಡೇ. ಶತ್ರುವಿನ ಕತ್ತಿಯಿಂದ ಶತ್ರುವಿನ ವಾದ ಕಡಿದರು, ನಿಜ. ಆ ಕತ್ತಿಯನ್ನು ನಾವು ಮನೆಗೆ ತಂದು ಪೂಜೆಗೆ ಇಟ್ಟುಕೊಳ್ಳಬೇಕಾಗಿಲ್ಲ.

ಈಗ ಹೇಳೋ ಮಾತಿಗೆ ಕೆಲವು ಗೆಳೆಯರು ಸಿಟ್ಟಾಗಬಹುದು. ಬಾಬಾಸಾಹೇಬರ ಊಹೆಗೂ ತೊಡಕುಗಳಿವೆ. ಕ್ರಿ.ಪೂ. ಎರಡನೆಯ ಶತಮಾನದವನು ಅನ್ನಲಾಗುವ ಪತಂಜಲಿ, ಪಾಣಿನಿಯ ಒಂದು ಸೂತ್ರಕ್ಕೆ ವ್ಯಾಖ್ಯೆ ಬರೆಯುತ್ತಾ, ಉಂಡ ಪಾತ್ರೆಯನ್ನು ಶುದ್ಧಿ ಮಾಡಿದರೂ ಮತ್ತೆ ಬಳಸಲಾಗದಂಥ ಶೂದ್ರರು ಅಂತ ಒಂದು ಗುಂಪನ್ನೇ ಬೇರೆ ಇಡುತ್ತಾನೆ. ಚಂಡಾಲರ ಹೆಸರು ಹೇಳುತ್ತಾನೆ. ಹೋಟೆಲಿನ ಬೇರೆ ಲೋಟ ಕಂಡ ನಮಗೆ ಇದರ ಅರ್ಥ ಬಿಡಿಸಿ ಹೇಳಬೇಕೆ? ಗುಪ್ತರಿಗಿಂತ ಐನೂರು ವರ್ಷ ಹಿಂದಿನ ಮಾತು ಇದು. ಅಶುದ್ಧರು ಬೇರೆ, ಅಸ್ಪೃಶ್ಯರು ಬೇರೆ, ಚಂಡಾಲರು ಮೊದಲಿನ ಗುಂಪು ಅಂತ ಬಾಬಾಸಾಹೇಬರು ಗೆರೆ ಎಳೆದಿದ್ದಾರೆ. ಆ ಗೆರೆ ಪತಂಜಲಿಯ ಪಾತ್ರೆಯ ಮುಂದೆ ನಿಲ್ಲೋದು ನನಗಂತೂ ಕಷ್ಟ ಅನ್ನಿಸುತ್ತೆ. ಇದನ್ನ ಹೇಳಿದರೆ ಬಾಬಾಸಾಹೇಬರಿಗೆ ಅವಮಾನ ಅನ್ನುವವರು ಅವರ ಮುನ್ನುಡಿಯನ್ನು ಓದಿಲ್ಲ. ಅವರು ಒರೆಗಲ್ಲು ಕೊಟ್ಟದ್ದು ಜೇಬಲ್ಲಿ ಇಟ್ಟುಕೊಳ್ಳಲಿಕ್ಕಲ್ಲ.

ಇನ್ನೊಂದು ತೊಡಕು ನಮ್ಮ ಜೇಬಲ್ಲೇ ಇದೆ. ಜಾತಿ ಸರ್ಟಿಫಿಕೇಟು ತೆಗೆದು ನೋಡಿ. ನಮ್ಮಲ್ಲಿ ಎಷ್ಟೋ ಜನರದರಲ್ಲಿ 'ಆದಿ ಕರ್ನಾಟಕ' ಅಂತಲೋ 'ಆದಿ ದ್ರಾವಿಡ' ಅಂತಲೋ ಇರುತ್ತೆ. 1920ರ ದಶಕದ ಹೊತ್ತಿಗೆ ಬಂದ ಹೆಸರುಗಳು. ಬೈಗುಳದ ಹೆಸರು ಕಿತ್ತೊಗೆದು ತಲೆ ಎತ್ತಿ ನಿಲ್ಲೋದಕ್ಕೆ ಹಿಂದಿನವರು ಪಡೆದ ಹೆಸರು, ಅದಕ್ಕೆ ನನ್ನ ನಮಸ್ಕಾರ. ಆದರೆ ಅದರೊಳಗೆ ಒಂದು ಊಹೆ ಕೂತಿದೆ: ನಾವೇ ಮೊದಲಿಗರು, ಉಳಿದವರು ಆಮೇಲೆ ಬಂದವರು. ಬಾಬಾಸಾಹೇಬರ ಊಹೆ ಇದಕ್ಕೆ ತಿರುಗುಮುರುಗು: ಊರವರು ಮೊದಲು ನೆಲೆ ನಿಂತರು, ಒಡೆದ ಜನ ಆಮೇಲೆ ಬಂದು ಅಂಚಿನಲ್ಲಿ ಸೇರಿದರು, ಜನಾಂಗ ಮಾತ್ರ ಎಲ್ಲರದೂ ಒಂದೇ. ಬೆಳಿಗ್ಗೆ ಮೆರವಣಿಗೆಯಲ್ಲಿ 'ನಾವು ಮೂಲನಿವಾಸಿಗಳು' ಅಂತ ಕೂಗಿ ಸಂಜೆ ಸಭೆಯಲ್ಲಿ 'ಬಾಬಾಸಾಹೇಬರು ಹೇಳಿದ್ದೇ ಸತ್ಯ' ಅಂತ ಕೂಗುತ್ತೇವಲ್ಲ, ಎರಡೂ ಒಟ್ಟಿಗೆ ನಿಲ್ಲೋದಿಲ್ಲ ಅಂತ ಯಾರೂ ಯೋಚಿಸಿದ ಹಾಗಿಲ್ಲ. ನಾನೂ ಎರಡನ್ನೂ ಕೂಗಿದ್ದೇನೆ.

ಯಾವುದು ಸರಿ ಅಂತ ತೀರ್ಮಾನಿಸೋದು ಎಷ್ಟು ಕಷ್ಟ ಅನ್ನೋದಕ್ಕೆ ನಮ್ಮ ಸೀಮೆಯದೇ ಒಂದು ಸಂಗತಿ. ಊರ ಗಡಿಯ ತಕರಾರು ಬಂದರೆ ಹೊಲೆಯರ ಕುಳವಾಡಿಯ ಮಾತೇ ಕೊನೆ ಅನ್ನುವ ಪದ್ಧತಿ ಮೈಸೂರು ಸೀಮೆಯಲ್ಲಿತ್ತು. ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಬರಹಗಾರರು ಇದನ್ನು ಬರೆದಿಟ್ಟಿದ್ದಾರೆ. ಮುಟ್ಟಬಾರದವನ ಕೈಯಲ್ಲಿ ಊರ ಗಡಿ! ಯಾಕೆ? ಆದಿ ವಾದದವರು ಹೇಳುತ್ತಾರೆ: ಈ ನೆಲ ಮೊದಲು ಅವರದೇ ಆಗಿತ್ತು, ಅದಕ್ಕೇ ಗಡಿ ಅವರಿಗೆ ಗೊತ್ತು. ಬಾಬಾಸಾಹೇಬರ ಊಹೆ ಹಿಡಿದವರು ಹೇಳಬಹುದು: ಅವರು ಊರ ಕಾವಲಿನವರು, ಗಡಿ ತಿರುಗೋದೇ ಅವರ ಕೆಲಸ, ಅದಕ್ಕೇ ಗೊತ್ತು. ಒಂದೇ ಸಂಗತಿ ಎರಡೂ ಊಹೆಗೆ ಹೊಂದುತ್ತೆ. ಎರಡಕ್ಕೂ ಹೊಂದುವ ಸಾಕ್ಷಿ ಯಾವುದಕ್ಕೂ ಸಾಕ್ಷಿಯಲ್ಲ. ನಮ್ಮ ಲೇಖನಗಳಲ್ಲಿ ನಾವು ಪುರಾವೆ ಅಂತ ಜೋಡಿಸುವ ಎಷ್ಟೋ ಸಂಗತಿಗಳು ಈ ಜಾತಿಯವೇ.

ಈಚೆಗೆ ರಕ್ತದೊಳಗಿನ ಡಿಎನ್‌ಎ ಓದುವ ವಿಜ್ಞಾನ ಬಂದಿದೆ. 2013ರಲ್ಲಿ ಪ್ರಿಯಾ ಮೂರ್ಜಾನಿ ಮತ್ತು ಸಂಗಡಿಗರು, ಸುಮಾರು 4,200ರಿಂದ 1,900 ವರ್ಷಗಳ ಹಿಂದಿನವರೆಗೆ ಈ ದೇಶದಲ್ಲಿ ಜನ ಧಾರಾಳವಾಗಿ ಬೆರೆತರು, ಆಮೇಲೆ ಬೆರೆಯೋದು ನಿಂತಿತು ಅಂತ ಬರೆದರು. 2016ರಲ್ಲಿ ಕಲ್ಯಾಣಿಯ ರಾಷ್ಟ್ರೀಯ ಜೀವವೈದ್ಯಕೀಯ ಜೀನೋಮಿಕ್ಸ್ ಸಂಸ್ಥೆಯ ಅನಲಾಭ ಬಸು, ಪಾರ್ಥ ಮಜುಂದಾರ್ ಮತ್ತಿತರರು 367 ಜನರ ಡಿಎನ್‌ಎ ನೋಡಿ, ಮೇಲುಜಾತಿಗಳಲ್ಲಿ ಈ ಬೆರಕೆ ಸುಮಾರು 70 ತಲೆಮಾರುಗಳ ಹಿಂದೆ ಇದ್ದಕ್ಕಿದ್ದ ಹಾಗೆ ನಿಂತಿದೆ, ಅದು ಗುಪ್ತರ ಕಾಲಕ್ಕೆ ಹೊಂದುತ್ತೆ ಅಂದರು. ಅಣ್ಣ ಬಾಗಿಲು ಹಾಕಿಕೊಂಡ ತಾರೀಖು! ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಾಬಾಸಾಹೇಬರು ಗೆದ್ದರು ಅಂತ ಗೆಳೆಯನಿಗೆ ಫೋನ್ ಮಾಡಿ ಕೂಗಿದೆ.

ಬೆಳಿಗ್ಗೆ ಎದ್ದು ಮತ್ತೆ ಓದಿದೆ. ಅಲ್ಲಿ ಅಳೆದಿರೋದು ಮದುವೆಯ ಬೇಲಿಯನ್ನು, ಮುಟ್ಟುವ ಬೇಲಿಯನ್ನಲ್ಲ. ಹೆಣ್ಣು ಕೊಟ್ಟು ತರೋದು ನಿಂತದ್ದು ರಕ್ತದಲ್ಲಿ ಕಾಣುತ್ತೆ. ಬಾವಿ ಹತ್ತಿರ ಬರಬೇಡ ಅಂದದ್ದು ಕಾಣೋದಿಲ್ಲ. ಇನ್ನು ತಾರೀಖು: ಒಂದು ತಲೆಮಾರಿಗೆ ಇಪ್ಪತ್ತೆರಡೂವರೆ ವರ್ಷ ಅಂತ ಹಿಡಿದರೆ 1,575 ವರ್ಷ, ಇಪ್ಪತ್ತೈದು ಅಂತ ಹಿಡಿದರೆ 1,750. ಅಷ್ಟರಲ್ಲೇ ಗುಪ್ತರ ಕಾಲ ಕೈ ಜಾರುತ್ತೆ. ಎಲ್ಲ ಗುಂಪುಗಳಲ್ಲೂ ಬೆರಕೆ ಒಂದೇ ಕಾಲಕ್ಕೆ ನಿಂತಿಲ್ಲ ಅಂತಲೂ ಅವರೇ ಹೇಳುತ್ತಾರೆ. ರಿಸ್ಲಿಯ ಶುದ್ಧ ಜನಾಂಗಗಳ ಊಹೆ ಇಲ್ಲಿ ಸತ್ತಿತು, ಅದರಲ್ಲಿ ಅನುಮಾನ ಬೇಡ. ಬೆರೆಯದ ಗುಂಪು ಈ ದೇಶದ ನೆಲದಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಆದರೆ ಬೆರಕೆಯ ಪಾಲು ಜಾತಿಯಿಂದ ಜಾತಿಗೆ ಹೆಚ್ಚು ಕಡಿಮೆ ಇದೆ, ವಾಯವ್ಯದ ಕಡೆಯ ಪಾಲು ಮೇಲುಜಾತಿಗಳಲ್ಲಿ ಸಾಮಾನ್ಯವಾಗಿ ಹೆಚ್ಚು ಅನ್ನೋದೂ ಅದೇ ಸಂಶೋಧನೆಗಳಲ್ಲಿ ಇದೆ. ಈ ಮಾತನ್ನು ನಾವು ಮುಚ್ಚಿಟ್ಟರೆ ನಾಳೆ ಅದನ್ನು ಹಿಡಿದು ಕುಣಿಯುವವರು ಬೇರೆಯವರಿರುತ್ತಾರೆ. ಹೆಚ್ಚು ಕಡಿಮೆ ಅನ್ನೋದು ಮೇಲು ಕೀಳು ಅಲ್ಲ ಅಂತ ಆಗ ಹೇಳೋದಕ್ಕಿಂತ ಈಗಲೇ ಹೇಳೋದು ಮೇಲು.

ಗೆಳೆಯನಿಗೆ ಮತ್ತೆ ಫೋನ್ ಮಾಡಿದೆ. 'ನಿನ್ನೆ ಗೆದ್ದರು ಅಂದೆ, ಇವತ್ತು ಇಲ್ಲ ಅಂತೀಯಾ?' ಅಂತ ರೇಗಿದ. ಇಲ್ಲ ಅನ್ನುತ್ತಿಲ್ಲ ಮಾರಾಯ, ಇನ್ನೂ ಗೊತ್ತಿಲ್ಲ ಅನ್ನುತ್ತಿದ್ದೇನೆ ಅಂದೆ. ಅವನಿಗೆ ಸಮಾಧಾನ ಆಗಲಿಲ್ಲ. ನನಗೂ ಆಗಿಲ್ಲ. ಮೇಲ್ಜಾತಿಯ ಪಂಡಿತರು ತಮ್ಮ ಊಹೆಗಳನ್ನು ಸತ್ಯ ಅಂತ ಎಷ್ಟು ಸಲೀಸಾಗಿ ಚಲಾಯಿಸಿದರು, ನಮ್ಮ ಸರದಿ ಬಂದಾಗ ಮಾತ್ರ ಇಷ್ಟು ಮಡಿ ಯಾಕೆ ಅನ್ನುವ ಅವನ ಸಿಟ್ಟು ನನಗೆ ಅರ್ಥವಾಗುತ್ತೆ. ಒಂದೇ ಮಾತು ಹೇಳಿದೆ: ಕೇರಿಗೆ ನೀರು, ಊರ ಬಾವಿ, ಹೊಲ, ಗುಡಿ ಬಾಗಿಲು ಇವನ್ನು ಕೇಳೋದಕ್ಕೆ ನಾವು ಮೊದಲು ಬಂದವರು ಅಂತಲಾಗಲಿ ಒಡೆದುಹೋದವರು ಅಂತಲಾಗಲಿ ಸಾಬೀತು ಮಾಡಬೇಕಾಗಿಲ್ಲ. ನಿನ್ನೆ ರಾತ್ರಿ ಬಂದು ಗುಡಿಸಲು ಹಾಕಿದವನಿಗೂ ಬಾಯಾರಿಕೆ ಆಗುತ್ತೆ. ನಮ್ಮ ಹಕ್ಕನ್ನು ಒಂದು ಊಹೆಯ ಮೇಲೆ ನಿಲ್ಲಿಸಿದರೆ, ಆ ಊಹೆ ಬಿದ್ದ ದಿನ ಹಕ್ಕೂ ಬಿತ್ತು ಅಂತ ಊರವರು ಅಂದಾರು.

ನಮ್ಮೂರಲ್ಲಿ ಕುಳವಾಡಿ ಮನೆತನದ ಮುದುಕರೊಬ್ಬರಿದ್ದಾರೆ. ಕಣ್ಣು ಮಂಜಾಗಿದೆ, ನಡಿಗೆ ಪರವಾಗಿಲ್ಲ. ಹಳೇ ಗಡಿಕಲ್ಲುಗಳು ಎಲ್ಲೆಲ್ಲಿದ್ದವು, ಯಾವುದನ್ನು ಯಾರು ಕಿತ್ತರು ಅಂತ ಅವರಿಗೆ ಗೊತ್ತು ಅಂತ ಕೇರಿಯವರು ಹೇಳುತ್ತಾರೆ. ಆ ಗಡಿ ಕೇರಿಯನ್ನು ಒಳಗೆ ಹಾಕಿಕೊಂಡು ಹೋಗುತ್ತದೋ ಹೊರಗೆ ಬಿಟ್ಟು ಹೋಗುತ್ತದೋ ನಾನು ಈವರೆಗೆ ಕೇಳಿಲ್ಲ. ಯುಗಾದಿಗೆ ಊರಿಗೆ ಹೋದಾಗ ತಾತನ ಜತೆ ಒಂದು ಸುತ್ತು ಹಾಕಿ, ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡು ಬರಬೇಕು ಅಂದುಕೊಂಡಿದ್ದೇನೆ. ಮೇಷ್ಟರುಗಳು ತಮ್ಮ ತಮ್ಮ ಊರಲ್ಲಿ ಇದನ್ನೇ ಮಾಡಿ ಈ ಪತ್ರಿಕೆಗೆ ಬರೆದು ಕಳಿಸಿದರೆ ಹತ್ತು ಊರಿನ ಗಡಿಯನ್ನು ಪಕ್ಕಪಕ್ಕ ಇಟ್ಟು ನೋಡಬಹುದು.